ಒಳಗೆ ಕೂತವರ ಆಟ

ಏಪ್ರಿಲ್ ಹತ್ತು ಅಂದ್ರೆ ಕರ್ನಾಟಕದ ಹಳ್ಳಿ ಶಾಲೆಗಳಲ್ಲಿ ಓದಿದ ನಮ್ಮ ತಲೆಮಾರಿಗೆ ವಿವರಣೆ ಬೇಕಿಲ್ಲ. ಅವತ್ತು ರಿಸಲ್ಟು. ಮೇಷ್ಟ್ರು ಪಾಸು-ಫೇಲು ಓದಿ ಮುಗಿಸಿದರೆ ಬೇಸಿಗೆ ರಜೆ ಶುರು; ಮತ್ತೆ ಶಾಲೆ ಬಾಗಿಲು ತೆರೆಯೋದು ಮುಂಗಾರಿನ ಹೊತ್ತಿಗೆ. ಇದೇ ಆಸುಪಾಸಿನಲ್ಲಿ ಯುರೋಪಿನ ಮಕ್ಕಳಿಗೂ ಈಸ್ಟರ್ ರಜೆ. ನಮ್ಮ ಆಫೀಸಿನ ಲಂಡನ್ ಟೀಮಿನವರದ್ದು ಪ್ರತಿ ವರ್ಷ ಈ ಸಮಯಕ್ಕೆ ಒಂದೇ ರಾಗ: ಹೊರಗೆ ಮಳೆ, ಚಳಿ, ಮಕ್ಕಳನ್ನ ಮನೆಯೊಳಗೆ ಹೇಗಪ್ಪಾ ಸುಧಾರಿಸೋದು? ನಮ್ಮ ಕಡೆ ಮಕ್ಕಳು ಒಳಗೆ ಕೂರುವುದಕ್ಕೆ ಕಾರಣ ತದ್ವಿರುದ್ಧ. ಹೊನ್ನಾಳಿ ಸೀಮೆಯಲ್ಲಿ ಏಪ್ರಿಲ್-ಮೇ ಬಂತು ಅಂದ್ರೆ ತುಂಗಭದ್ರೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು ಕಾಣುತ್ತೆ. ಎರೆಹೊಲ ಬಾಯಿ ಬಿಟ್ಟಿರುತ್ತೆ. ಹನ್ನೊಂದು ಗಂಟೆ ದಾಟಿದ ಮೇಲೆ ಹೊರಗೆ ಕಾಲಿಟ್ಟರೆ ಮನೆಯ ಹಿರಿಯರಿಂದ ಬೈಗುಳ ಖಾತ್ರಿ.

ಹಾಗೆ ಒಳಗೆ ಕೂತವರು ಏನು ಆಡುತ್ತಿದ್ದರು? ಚೌಕಾಬಾರ, ಪಗಡೆ, ಅಳಗುಳಿಮಣೆ, ಹಾವು-ಏಣಿ. ಹೆಸರುಗಳು ನಿಮಗೂ ಗೊತ್ತು. ಬೆಂಗಳೂರಿನಲ್ಲಿ ಈಗ ಇವೆಲ್ಲ ಚಂದದ ಮರದ ಪೆಟ್ಟಿಗೆಯಲ್ಲಿ 'ಪಾರಂಪರಿಕ ಆಟ' ಅನ್ನೋ ಚೀಟಿ ಅಂಟಿಸಿಕೊಂಡು ಮಾರಾಟಕ್ಕಿವೆ. ಮಾರಲಿ, ಸಂತೋಷ. ಆದರೆ ಆ ಚೀಟಿಯಲ್ಲಿ 'ನಮ್ಮ ಪೂರ್ವಿಕರ ಜಾಣ್ಮೆ' ಅಂತ ಒಂದು ಸಾಲಿರುತ್ತಲ್ಲ, ಅಲ್ಲಿಗೆ ನನಗೆ ಸಮಾಧಾನ ಆಗಲ್ಲ. ಯಾವ ಪೂರ್ವಿಕರು? ಅವರು ಯಾಕೆ ಒಳಗೆ ಕೂತಿದ್ದರು? ಈ ಪ್ರಶ್ನೆ ಹಿಡಿದು ಹೊರಟರೆ ಆಟದ ಚರಿತ್ರೆ ಬೇರೆಯದೇ ರೀತಿ ಕಾಣುತ್ತೆ.

ಮೊದಲು ಆಟವನ್ನೇ ನೋಡೋಣ. ಚೌಕಾಬಾರಕ್ಕೆ ಐದು ಅಡ್ಡ, ಐದು ಉದ್ದ, ಒಟ್ಟು 25 ಮನೆ. ನಮ್ಮ ಅಜ್ಜಿ ಮನೆಯಲ್ಲಿ ಇದಕ್ಕೆ ಹಲಗೆ ಅಂತ ಇರಲೇ ಇಲ್ಲ. ಪಡಸಾಲೆಯ ನೆಲದ ಮೇಲೆ ಇದ್ದಿಲಲ್ಲೋ ಸೀಮೆಸುಣ್ಣದಲ್ಲೋ ಗೆರೆ ಎಳೆದರೆ ಆಯ್ತು. ನಾಲ್ಕೂ ಬದಿಯ ನಡುವಿನ ಮನೆಗೆ ಕತ್ತರಿ ಗುರುತು. ಅದು ಕಟ್ಟೆ, ಅಲ್ಲಿ ಕೂತ ಕಾಯಿಯನ್ನ ಯಾರೂ ಹೊಡೆಯುವಂತಿಲ್ಲ. ನಡುಮಧ್ಯದ ಮನೆಗೂ ಅದೇ ಗುರುತು. ಒಬ್ಬರದು ಬಳೆಚೂರು, ಇನ್ನೊಬ್ಬರದು ಹುಣಸೆಬೀಜ, ಮತ್ತೊಬ್ಬರದು ತೊಗರಿಕಡ್ಡಿ, ನಾಲ್ಕನೆಯವರದು ಬೆಣಚುಕಲ್ಲು. ಅಜ್ಜಿಯ ಎಲೆಯಡಿಕೆ ಸಂಚಿಯಲ್ಲಿ ನಾಲ್ಕು ಕವಡೆ ಇರುತ್ತಿದ್ದವು. ಅವು ಸಿಗದಿದ್ದರೆ ಹುಣಸೆಬೀಜವನ್ನ ಕಲ್ಲಿಗೆ ಉಜ್ಜಿ ಒಂದು ಬದಿ ಬೆಳ್ಳಗೆ ಮಾಡಿಕೊಳ್ಳೋದು.

ಕವಡೆ ಎಸೆದಾಗ ಬೀಳೋದು ಗರ. ಒಂದು ಕವಡೆ ಬಾಯಿ ಮೇಲಾದರೆ ಒಂದು, ಎರಡಾದರೆ ಎರಡು, ಮೂರಾದರೆ ಮೂರು. ನಾಲ್ಕೂ ಮೇಲಾದರೆ ಚೌಕ, ಅಂದ್ರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದ್ರೆ ಎಂಟು. ಚೌಕ ಅಥವಾ ಬಾರ ಬಿದ್ದವರಿಗೆ ಇನ್ನೊಂದು ಕೈ. ಎರಡು ಬದಿಗೂ ಸಮಾನ ಅವಕಾಶ ಇದೆ ಅಂತ ಹಿಡಿದರೆ ನಾಲ್ಕು ಕವಡೆಗೆ 16 ಸಾಧ್ಯತೆ. ಅದರಲ್ಲಿ ಎರಡಕ್ಕೆ ಆರು, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು, ಚೌಕಕ್ಕೂ ಬಾರಕ್ಕೂ ಒಂದೊಂದೇ. ಬಿಇ ಎರಡನೇ ವರ್ಷ ಪ್ರಾಬಬಿಲಿಟಿ ಪಾಠದಲ್ಲಿ ಈ ಲೆಕ್ಕ ಬಂದಾಗ ನನಗೆ ಹೊಸದು ಅನ್ನಿಸಲಿಲ್ಲ. ಕವಡೆಯ ಎರಡು ಬದಿ ನಿಜವಾಗಿ ಸಮ ಇರಲ್ಲ ಅನ್ನೋದೂ ನಮ್ಮ ಅಜ್ಜಿಗೆ ಗೊತ್ತಿತ್ತು. 'ಈ ಬೀಜ ಬರೇ ಬೋರಲು ಬೀಳ್ತೈತಿ, ಬ್ಯಾಡ ಇದು' ಅಂತ ಆರಿಸಿ ಎಸೆಯುತ್ತಿದ್ದಳು.

ಕಾಯಿ ಹೊರಸುತ್ತಿನ 16 ಮನೆ ಸುತ್ತಿ, ದಿಕ್ಕು ಬದಲಿಸಿ ಒಳಸುತ್ತಿನ ಎಂಟು ಮನೆ ದಾಟಿ, ನಡುವಿನ ಮನೆ ಸೇರಬೇಕು. ಹೊರಟ ಕಟ್ಟೆಯಿಂದ ಒಟ್ಟು 24 ಹೆಜ್ಜೆ. ಅಲ್ಲಿ ಮುಟ್ಟಿದ ಕಾಯಿಗೆ 'ಹಣ್ಣಾಯ್ತು' ಅಂತೀವಿ. ಕಾಯಿ ಹಣ್ಣಾಗೋದು! ಇಷ್ಟು ಚಂದದ ಪದ ಬೇರೆ ಯಾವ ಭಾಷೆಯ ಆಟದಲ್ಲೂ ನಾನು ಕೇಳಿಲ್ಲ. ಆದರೆ ಒಂದು ಷರತ್ತಿದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆದ ಹೊರತು ಒಳಸುತ್ತಿಗೆ ಪ್ರವೇಶ ಇಲ್ಲ. ಯಾರನ್ನೂ ಹೊಡೆಯದೆ ಪುಕ್ಕಲನ ಹಾಗೆ ಸುತ್ತುತ್ತಿದ್ದರೆ, 'ಹೊಡೀದೆ ಒಳಗೆ ಹೆಂಗ್ ಹೋಕ್ತೀಯಲೇ?' ಅಂತ ಅಜ್ಜಿ ಕೇಳುತ್ತಿದ್ದಳು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಅನ್ನೋ ಗ್ರಂಥ ಬರೆದ. ಐದು ಭಾಗ, ಒಂದೊಂದರಲ್ಲಿ 20 ಅಧ್ಯಾಯ. ರಾಜನಾದವನು ಏನು ತಿನ್ನಬೇಕು, ಏನು ಉಡಬೇಕು ಅನ್ನೋದರಿಂದ ಹಿಡಿದು ಆನೆ ಪಳಗಿಸೋದರ ತನಕ ಎಲ್ಲವೂ ಅದರಲ್ಲಿದೆ. ಕೊನೆಯ ಭಾಗ ಪೂರ್ತಿ ಆಟಗಳಿಗೆ ಮೀಸಲು. ಚದುರಂಗ, ಪಗಡೆ, ಅವುಗಳ ಜೊತೆಗೆ ಕವಡೆಯಾಟ. ಆಗ ನಮ್ಮ ಸೀಮೆ ಇದ್ದದ್ದು ಆ ಚಾಲುಕ್ಯರ ಆಳ್ವಿಕೆಯಲ್ಲೇ. ಹೊನ್ನಾಳಿ ಪಕ್ಕದ ಶಿಕಾರಿಪುರ ತಾಲೂಕಿನ ಬಳ್ಳಿಗಾವಿ ಬನವಾಸಿ ನಾಡಿನ ರಾಜಧಾನಿಯಾಗಿ ಮೆರೆಯುತ್ತಿದ್ದ ಕಾಲ ಅದು. ಸೋಮೇಶ್ವರ ಹೇಳಿದ ಕವಡೆಯಾಟವೇ ನಮ್ಮ ಚೌಕಾಬಾರ ಅಂತ ನಾನು ವಾದಿಸ್ತಿಲ್ಲ. ಕವಡೆ ಚೆಲ್ಲಿ ಆಡೋ ಅಭ್ಯಾಸಕ್ಕೆ ಈ ನೆಲದಲ್ಲಿ ಸುಮಾರು 900 ವರ್ಷದ ಲಿಖಿತ ದಾಖಲೆ ಇದೆ ಅನ್ನೋದಷ್ಟೇ ನನ್ನ ಮಾತು.

ಸಮುದ್ರವನ್ನೇ ನೋಡದ ಅಜ್ಜಿಯ ಸಂಚಿಗೆ ಕವಡೆ ಬಂದಿದ್ದಾದರೂ ಎಲ್ಲಿಂದ? ಹಿಂದಿನ ಕಾಲದಲ್ಲಿ ಭಾರತಕ್ಕೆ ಕವಡೆಯ ದೊಡ್ಡ ಮೂಲ ಮಾಲ್ಡೀವ್ಸ್. 1340ರ ದಶಕದಲ್ಲಿ ಅಲ್ಲಿ ಇದ್ದು ಬಂದ ಪ್ರವಾಸಿ ಇಬ್ನ್ ಬತೂತ, ಆ ದ್ವೀಪದವರು ಕವಡೆ ಕೊಟ್ಟು ಬಂಗಾಳದಿಂದ ಅಕ್ಕಿ ತರಿಸಿಕೊಳ್ಳುತ್ತಿದ್ದರು ಅಂತ ಬರೆದಿದ್ದಾನೆ. ಕವಡೆ ಅಂದ್ರೆ ಚಿಲ್ಲರೆ ದುಡ್ಡು. ಅದಕ್ಕೇ ಇವತ್ತಿಗೂ ನಾವು ಕೆಲಸಕ್ಕೆ ಬಾರದ್ದಕ್ಕೆ 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಅನ್ನೋದು. ದುಡ್ಡಾಗಿ ಬೆಲೆ ಕಳಕೊಂಡ ಮೇಲೂ ಅದು ಆಟದಲ್ಲಿ, ಜೋಗವ್ವಗಳ ಸರದಲ್ಲಿ, ಶಾಸ್ತ್ರ ಹೇಳುವವರ ಚೀಲದಲ್ಲಿ ಉಳಿಯಿತು.

ಹಂಪಿಗೆ ಹೋದಾಗ ಒಂದು ಕೆಲಸ ಮಾಡಿ. ಗೋಪುರದ ಫೋಟೊ ತೆಗೆದಾದ ಮೇಲೆ ತಲೆ ತಗ್ಗಿಸಿ ಮಂಟಪಗಳ ನೆಲ ನೋಡಿ. ಹಾಸುಗಲ್ಲಿನ ಮೇಲೆ ಆಟದ ಚೌಕಗಳು, ಗುಳಿಗಳು ಕೊರೆದಿರೋದು ಕಾಣುತ್ತೆ. ಅವನ್ನ ರಾಜ ಕೊರೆಸಿದ್ದಲ್ಲ. ಕಲ್ಲು ಕೆಲಸದವರೋ, ಕಾವಲಿನವರೋ, ನೆರಳಿಗೆ ಬಂದು ಕೂತ ವ್ಯಾಪಾರಿಗಳೋ ಹೊತ್ತು ಕಳೆಯಲು ಕೊರೆದುಕೊಂಡ ಹಾಗಿದೆ. ಉತ್ತರದಲ್ಲಿ ಫತೇಪುರ್ ಸಿಕ್ರಿಯ ಅಂಗಳದಲ್ಲಿ ಅಕ್ಬರನ ಹೆಸರಿಗೆ ಅಂಟಿಕೊಂಡ ಭಾರೀ ಪಚೀಸಿ ಹಾಸಿದೆ. ಅದರ ಫೋಟೊ ಪಠ್ಯಪುಸ್ತಕದಲ್ಲಿ ಬರುತ್ತೆ. ಹಂಪಿಯ ನೆಲದ ಗೀಟುಗಳು ಬರಲ್ಲ.

ಪಚೀಸಿ, ಪಗಡೆ, ಚೌಕಾಬಾರ ಎಲ್ಲ ಒಂದೇ ಬಳಗ. ಕಾಯಿ ಹೂಡೋದು, ಸುತ್ತೋದು, ಹೊಡೆಯೋದು, ನಡುಮನೆ ಸೇರೋದು. ಈ ಬಳಗದ ಪಚೀಸಿ 19ನೇ ಶತಮಾನದಲ್ಲಿ ಹಡಗು ಹತ್ತಿತು. ಅಮೆರಿಕದಲ್ಲಿ ಅದು ಪಾರ್ಚೀಸಿ ಆಗಿ 1874ರಲ್ಲಿ ಟ್ರೇಡ್‌ಮಾರ್ಕ್ ಪಡೆಯಿತು. ಇಂಗ್ಲೆಂಡಿನಲ್ಲಿ 1890ರ ದಶಕದಲ್ಲಿ ಕವಡೆ ಬಿಟ್ಟು, ಆರು ಮುಖದ ದಾಳ ಹಿಡಿದು, ಲೂಡೋ ಅಂತ ಲ್ಯಾಟಿನ್ ಹೆಸರಿಟ್ಟುಕೊಂಡಿತು. 'ನಾನು ಆಡುತ್ತೇನೆ' ಅಂತ ಅದರ ಅರ್ಥ. ಹಾವು-ಏಣಿಯದೂ ಇದೇ ಕತೆ. ನಮ್ಮಲ್ಲಿ ವೈಷ್ಣವರ ಮನೆಗಳಲ್ಲಿ ವೈಕುಂಠ ಏಕಾದಶಿ ರಾತ್ರಿ ಜಾಗರಣೆಗೆ ಆಡುತ್ತಿದ್ದ ಪರಮಪದ ಸೋಪಾನಪಟದಲ್ಲಿ ಏಣಿ ಅಂದ್ರೆ ಪುಣ್ಯ, ಹಾವು ಅಂದ್ರೆ ಪಾಪ, ತುದಿಯಲ್ಲಿ ವೈಕುಂಠ. ಇಂಗ್ಲೆಂಡಿಗೆ ಹೋಗಿ ಬಂದ ಮೇಲೆ ವೈಕುಂಠದ ಜಾಗದಲ್ಲಿ 100 ಅಂತ ಒಂದು ಅಂಕಿ ಉಳಿಯಿತು. ಆಮೇಲೆ ಅದೇ ಆಟಗಳು ರಟ್ಟಿನ ಹಲಗೆಯ ಎರಡು ಬದಿಯಲ್ಲಿ ಅಚ್ಚಾಗಿ ನಮ್ಮೂರ ಜಾತ್ರೆ ಅಂಗಡಿಗೆ ಬಂದವು.

ಇಲ್ಲಿ ಹೊನ್ನಾಳಿಗೆ ನೇರ ಸಂಬಂಧಪಟ್ಟ ಒಂದು ತಿರುವು ಇದೆ. ಹೊನ್ನಾಳಿ ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಅದಕ್ಕೂ ಮೊದಲು ಶಿವಮೊಗ್ಗ, ಅದಕ್ಕೂ ಹಿಂದೆ ಮೈಸೂರು ಸಂಸ್ಥಾನದ ನಗರ ಸೀಮೆ. 1830ರಲ್ಲಿ ಈ ಸೀಮೆಯ ರೈತರು ಕಂದಾಯದ ಹೊರೆ, ಅಧಿಕಾರಿಗಳ ದಬ್ಬಾಳಿಕೆ ತಾಳಲಾರದೆ ಕೂಟ ಕಟ್ಟಿ ತಿರುಗಿಬಿದ್ದರು. ಕೆಳದಿ ಅರಸರ ವಾರಸುದಾರ ತಾನೇ ಅಂದ ಬೂದಿ ಬಸಪ್ಪ ನಾಯಕ ಅದಕ್ಕೆ ಮುಂದಾಳಾದ. ಚರಿತ್ರೆಯಲ್ಲಿ ಇದು ನಗರದ ದಂಗೆ. ಹೊನ್ನಾಳಿಯೂ ಅದರ ಕಣಗಳಲ್ಲಿ ಒಂದು. ದಂಗೆಯನ್ನು ಬ್ರಿಟಿಷ್ ಪಡೆ ಅಡಗಿಸಿತು. ಅದನ್ನೇ ಕಾರಣ ಮಾಡಿಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ. ಸಂಸ್ಥಾನ ಕಮಿಷನರುಗಳ ಪಾಲಾಯಿತು.

ಮುಮ್ಮಡಿಯವರು ತೀರಿಕೊಂಡಿದ್ದು 1868ರಲ್ಲಿ. ಅಂದ್ರೆ 37 ವರ್ಷ ಅವರು ಆಳುವ ಕೆಲಸವಿಲ್ಲದ ರಾಜ. ಪಟ್ಟ ಇದೆ, ಅರಮನೆ ಇದೆ, ದರ್ಬಾರಿದೆ, ಅಧಿಕಾರ ಇಲ್ಲ. ಅವರ ಹೆಸರಿನಲ್ಲಿರುವ 'ಶ್ರೀತತ್ವನಿಧಿ'ಯ ಒಂಬತ್ತು ಭಾಗಗಳಲ್ಲಿ ಕೊನೆಯದು ಕೌತುಕನಿಧಿ. ಅದರಲ್ಲಿ ಆಟಗಳದ್ದೇ ಲೋಕ. ಗಂಜೀಫ ಅನ್ನೋ ಕೈಬರಹದ ಚಿತ್ರದೆಲೆಗಳ ಆಟಕ್ಕೆ ಅವರು ರೂಪಿಸಿದ ಬಗೆಗಳಲ್ಲಿ 18 ಬಣ್ಣಗಳ ತನಕ ಹೋಗುವಂಥವೂ ಇವೆ. ನಮ್ಮ ಇಸ್ಪೀಟಿಗೆ ನಾಲ್ಕೇ ಬಣ್ಣ, ಅದನ್ನೇ ನೆನಪಿಡಲು ಒದ್ದಾಡ್ತೀವಿ. ಚದುರಂಗದಲ್ಲಿ ಕುದುರೆಯೊಂದು ಪ್ರತಿ ಮನೆಗೂ ಒಂದೇ ಒಂದು ಸಲ ಕಾಲಿಟ್ಟು 64 ಮನೆ ಮುಗಿಸುವ ಒಗಟಿದೆಯಲ್ಲ, ನಾವೆಲ್ಲ ಕಂಪ್ಯೂಟರ್ ಸೈನ್ಸ್ ಲ್ಯಾಬಿನಲ್ಲಿ ಬ್ಯಾಕ್‌ಟ್ರ್ಯಾಕಿಂಗ್ ಕೋಡ್ ಬರೆದು ಬಿಡಿಸಿದ್ದು, ಅದನ್ನ ಅವರು ಕೈಯಲ್ಲೇ ಬಿಡಿಸಿ ಚಿತ್ರವಾಗಿ ಮಾಡಿಸಿಟ್ಟರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಇವತ್ತು ಹಳೆಯ ಮಣೆಯಾಟಗಳನ್ನ ಹೊಸದಾಗಿ ಮಾಡಿಸಿ 'ಕ್ರೀಡಾ ಕೌಶಲ್ಯ' ಪ್ರದರ್ಶನ ನಡೆಸೋದಕ್ಕೆ ಬಹುಪಾಲು ಪ್ರೇರಣೆ ಈ ಅರಮನೆಯ ದಾಖಲೆಗಳೇ.

ಅವರಿಗೆ ಆಟದ ಹುಚ್ಚು ಹುಟ್ಟಿದ್ದೇ ದಂಗೆಯಿಂದ ಅಂತ ಹೇಳಿದರೆ ಸರಳ ಮಾಡಿದ ಹಾಗಾಗುತ್ತೆ. ಆದರೆ ಇಷ್ಟು ಹೇಳಬಹುದು: ಹೊನ್ನಾಳಿ ಕಡೆಯ ರೈತರು ಎದ್ದು ಹೊರಗೆ ಬಂದರು, ರಾಜ ಒಳಗೆ ಕೂರುವ ಹಾಗಾಯಿತು. ರಾಜ ಆಡಿದ ಆಟಕ್ಕೆ ಪುಸ್ತಕ ಆಯಿತು, ಬಣ್ಣದ ಚಿತ್ರ ಆಯಿತು, ಮ್ಯೂಸಿಯಂ ಸಿಕ್ಕಿತು. ಅದೇ ಕಾಲದಲ್ಲಿ ದಂಗೆ ಸೋತ ಹಳ್ಳಿಗಳ ಪಡಸಾಲೆಗಳಲ್ಲಿ ನಡೆದ ಆಟಕ್ಕೆ ಒಂದು ಸಾಲಿನ ದಾಖಲೆಯೂ ಇಲ್ಲ. ಅದು ಬಾಯಿಂದ ಬಾಯಿಗೆ, ಅಜ್ಜಿಯಿಂದ ಮೊಮ್ಮಕ್ಕಳಿಗೆ ದಾಟಿತು.

ಅಳಗುಳಿಮಣೆಯ ಕತೆ ಇನ್ನೂ ನೇರ. ಏಳೇಳು ಗುಳಿಗಳ ಎರಡು ಸಾಲು, ಒಟ್ಟು 14. ಹುಣಸೆಬೀಜವೋ ಗುಲಗಂಜಿಯೋ ತುಂಬಿ, ಒಂದು ಗುಳಿಯದನ್ನ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತಾ ಹೋಗೋದು. ಇದನ್ನ ಒಬ್ಬರೇ ಕೂತು ಆಡುವ ಬಗೆಯೂ ಇದೆ. ಅದು ಸೀತೆಯ ಆಟ ಅಂತ ದಕ್ಷಿಣ ಭಾರತದ ಉದ್ದಕ್ಕೂ ಜನ ಹೇಳ್ತಾರೆ. ಅಶೋಕವನದಲ್ಲಿ ಸೆರೆಯಾಗಿದ್ದ ಸೀತೆ ಹೊತ್ತು ಕಳೆಯಲು ಆಡಿದಳಂತೆ. ವಾಲ್ಮೀಕಿಯಲ್ಲಿ ಹುಡುಕಬೇಡಿ. ಇದು ಹೆಂಗಸರ ಬಾಯಲ್ಲಿ ಉಳಿದ ರಾಮಾಯಣ. ಒಳಗೆ ಕೂಡಿಹಾಕಲ್ಪಟ್ಟ ಹೆಣ್ಣು ಒಬ್ಬಳೇ ಎಷ್ಟು ಹೊತ್ತು ಕೂರಬೇಕು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ತುಳುನಾಡಿನಲ್ಲಿ ಇದೇ ಚೆನ್ನೆಮಣೆ. ಹೊಲದ ಕೆಲಸ ನಿಲ್ಲಿಸಿ ಮನೆಯೊಳಗೆ ಕೂರಿಸುವ ಆಟಿ ತಿಂಗಳ ಮಳೆಯಲ್ಲಿ ಆಡುವ ಆಟ. ನಮಗೆ ಬಿಸಿಲು ಹೇಗೋ ಅವರಿಗೆ ಮಳೆ ಹಾಗೆ. ಸಿರಿ ಪಾಡ್ದನದಲ್ಲಿ ಅವಳಿ ಅಕ್ಕತಂಗಿ ಅಬ್ಬಗೆ-ದಾರಗೆ ಚೆನ್ನೆ ಆಡುತ್ತಾ ಜಗಳವಾಗಿ, ಮಣೆಯ ಪೆಟ್ಟಿಗೆ ಒಬ್ಬಳು ಸಾಯುತ್ತಾಳೆ, ಇನ್ನೊಬ್ಬಳೂ ಉಳಿಯೋದಿಲ್ಲ. ಮನೆಯೊಳಗಿನ ಆಟ ಅಂದ್ರೆ ಬರೀ ನಗು ಅಂತ ಆ ಹೆಂಗಸರು ಎಂದೂ ಹಾಡಲಿಲ್ಲ.

ಇದೇ ಕುಲದ ಆಟಗಳು ಆಫ್ರಿಕಾದ ಉದ್ದಗಲಕ್ಕೂ ಇವೆ. ಅದರಲ್ಲೊಂದಾದ ಅವಾರಿಯನ್ನ 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರಾದ ಜಾನ್ ರೊಮೈನ್ ಮತ್ತು ಹೆನ್ರಿ ಬಾಲ್ ಕಂಪ್ಯೂಟರಿನಲ್ಲಿ ಪೂರ್ತಿ ಬಿಡಿಸಿದರು. ಸುಮಾರು 88,900 ಕೋಟಿ ಸ್ಥಿತಿಗಳನ್ನ ಲೆಕ್ಕ ಹಾಕಿ ಬಂದ ಉತ್ತರ: ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮ. ನೆಲದಲ್ಲಿ ಗುಳಿ ತೋಡಿ ಬೀಜ ಹಾಕಿ ಆಡುವಂಥ ಆಟದ ಹೊಟ್ಟೆಯಲ್ಲಿ ಇಷ್ಟು ಗಣಿತ ಇದೆ.

ಈಗ ನಮ್ಮ ಪಡಸಾಲೆಗೆ ವಾಪಸ್ ಬರ್ತೀನಿ. ಮಧ್ಯಾಹ್ನ ಊಟ ಆಗಿ ಪಾತ್ರೆ ತೊಳೆದಿಟ್ಟ ಮೇಲೆ, ಸಂಜೆ ದನ ಮನೆಗೆ ಬರುವ ಮೊದಲು, ನಮ್ಮ ಮನೆ ಹೆಂಗಸರಿಗೆ ಸಿಗುತ್ತಿದ್ದ ಬಿಡುವು ಎರಡು ತಾಸು. ಚೌಕಾಬಾರ ಆ ಎರಡು ತಾಸಿನದು. ಗರ ಬೀಳುವ ನಡುವೆಯೇ ಯಾರ ಮನೆಯ ಸೊಸೆ ತವರಿಗೆ ಹೋದಳು, ಯಾರ ಸಾಲ ತೀರಲಿಲ್ಲ, ಯಾವ ಹುಡುಗಿಗೆ ಗಂಡು ನೋಡ್ತಿದ್ದಾರೆ ಎಲ್ಲ ತೀರ್ಮಾನ ಆಗುತ್ತಿತ್ತು. ಮಕ್ಕಳಾದ ನಮಗೆ ಅಲ್ಲಿ ಜಾಗ ಇತ್ತು. ಗಂಡಸರು ಆ ಹೊತ್ತಿಗೆ ಕಟ್ಟೆ ಮೇಲೆ ಇಸ್ಪೀಟು.

ನಾಲ್ಕು ಗಂಟೆಗೆ ಬಿಸಿಲು ಇಳಿಯಿತು ಅಂದ್ರೆ ನಾವು ಗಂಡುಹುಡುಗರು ಹೊಳೆ ಕಡೆ ಓಟ. ದೊಡ್ಡಪ್ಪನ ಮಗಳು ಒಬ್ಬ ಅಕ್ಕ ಇದ್ದಳು. ಮೈನೆರೆದ ಮೇಲೆ ಅವಳಿಗೆ ಹೊಳೆ ಬಂದ್, ಎಂಟನೇ ಕ್ಲಾಸಿಗೆ ಶಾಲೆಯೂ ಬಂದ್. ನಾವು ಬಿಟ್ಟು ಹೋದ ಆಟವನ್ನ ಅವಳು ಅಜ್ಜಿ ಜೊತೆ ಮುಗಿಸುತ್ತಿದ್ದಳು. ಈ ಲೇಖನಕ್ಕೆ ಅಂತ ಮೊನ್ನೆ ಫೋನ್ ಮಾಡಿ ನಿಯಮ ಕೇಳಿದೆ. ಪಟಪಟ ಹೇಳಿದಳು. ಜೋಡಿ ಕಾಯಿಯನ್ನ ಯಾವಾಗ ಹೊಡೆಯಬಹುದು, ಸತತ ಮೂರು ಸಲ ಚೌಕ-ಬಾರ ಬಿದ್ದರೆ ಲೆಕ್ಕ ಏನಾಗುತ್ತೆ, ಒಂದೂ ಬಿಡಲಿಲ್ಲ. 'ಇಷ್ಟೆಲ್ಲ ಹೆಂಗೆ ನೆನಪೈತಕ್ಕಾ?' ಅಂದೆ. 'ನಿಮಿಗೆ ಅದು ರಜೆ ಆಟ ಕಣಪ್ಪ. ನಮಿಗೆ ವರ್ಷಪೂರ್ತಿ ಅದೇ ಇತ್ತು' ಅಂದಳು.

ಪಡಸಾಲೆಗೆ ಬಾರದ ಮಕ್ಕಳೂ ಇದ್ದರು. ಕೆಳಗಿನ ಕೇರಿಯ ನನ್ನ ಕ್ಲಾಸ್‌ಮೇಟು ಶಾಲೆಯ ಜಗಲಿಯಲ್ಲಿ ನನ್ನ ಜೊತೆ ಇದೇ ಚೌಕಾಬಾರ ಆಡುತ್ತಿದ್ದ, ಗೆಲ್ಲುತ್ತಿದ್ದ. ರಜೆ ಬಂದರೆ ಶಾಲೆಯ ಜಗಲಿ ಖಾಲಿ. ಆಗ ಅವನ ಆಟ ಅವನ ಕೇರಿಯ ಹುಣಸೆಮರದ ಕೆಳಗೆ, ನಮ್ಮದು ನಮ್ಮ ನೆಲದ ಮೇಲೆ. ಗೀಟು ಅವೇ, ಕಾಯಿ ಅವೇ, 'ಹಣ್ಣಾಯ್ತು' ಅನ್ನೋ ಮಾತೂ ಅದೇ. ಹೊಸ್ತಿಲು ಮಾತ್ರ ಅವನಿಗೆ ತೆರೆಯಲಿಲ್ಲ. 'ಇಡೀ ಊರು ಒಟ್ಟಿಗೆ ಆಡುತ್ತಿತ್ತು' ಅಂತ ವಾಟ್ಸಾಪಿನಲ್ಲಿ ಬರುವ ಸಂದೇಶ ಫಾರ್ವರ್ಡ್ ಮಾಡುವ ಮುನ್ನ ಇದನ್ನ ನೆನಪಿಡೋದು ಒಳ್ಳೆಯದು.

2020ರಲ್ಲಿ ಇಡೀ ದೇಶವೇ ಒಳಗೆ ಕೂತಿತು. ಆಗ ಏನಾಯಿತು ನೋಡಿ: 2016ರಲ್ಲಿ ಬಂದಿದ್ದ ಲೂಡೋ ಕಿಂಗ್ ಆ್ಯಪ್ ಲಾಕ್‌ಡೌನಿನಲ್ಲಿ ಮನೆಮನೆಗೂ ಹೊಕ್ಕಿತು. ಕವಡೆಯ ಬಳಗದ ಆಟವೇ ಮತ್ತೆ ಕೈಗೆ ಬಂತು. ಅದನ್ನ ಹೀಗಳೆಯೋಕೆ ನನಗೆ ಮನಸ್ಸಿಲ್ಲ. ದೂರದ ಊರಿನ ತಂಗಿ, ಪುಣೆಯ ಭಾವ, ನಾವು ಒಂದೇ ಆಟದಲ್ಲಿ ಕೂತಿದ್ದು ಆ್ಯಪಿನಿಂದಲೇ. ಆದರೆ ಆ್ಯಪಿನಲ್ಲಿ ನಿಯಮದ ಬಗ್ಗೆ ತಕರಾರು ಮಾಡೋಕಾಗಲ್ಲ. ನಮ್ಮ ಪಡಸಾಲೆಯಲ್ಲಿ ಆಟಕ್ಕಿಂತ ತಕರಾರೇ ಹೆಚ್ಚು. 'ನಮ್ಮ ತವರಲ್ಲಿ ಹಿಂಗಲ್ಲ' ಅಂತ ಚಿಕ್ಕಮ್ಮ ಶುರು ಮಾಡಿದರೆ, ಮದುವೆಯಾಗಿ ಬಂದ ಪ್ರತಿ ಹೆಣ್ಣಿನ ಜೊತೆ ಇನ್ನೊಂದು ಊರಿನ ನಿಯಮವೂ ನಮ್ಮ ಮನೆಗೆ ಬಂದಿದೆ ಅನ್ನೋದು ಗೊತ್ತಾಗುತ್ತಿತ್ತು. ಸೊಸೆಯಾಗಿ ಬಂದವಳ ಮಾತು ಅತ್ತೆ ಎದುರು ಗೆಲ್ಲಬಹುದಾಗಿದ್ದ ಜಾಗ ಆ ಮನೆಯಲ್ಲಿ ಬಹುಶಃ ಅದೊಂದೇ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಎಲ್ಲೂ ಡಾಕ್ಯುಮೆಂಟೇಶನ್ ಇಲ್ಲದ, ಮನೆಗೊಂದು ವರ್ಷನ್ ಇರುವ ಸಾಫ್ಟ್‌ವೇರ್ ಅದು. ಬಲ್ಲವರು ಹೋದರೆ ಆ ವರ್ಷನ್ ಹೋಯ್ತು. ನಮ್ಮ ಅಜ್ಜಿ ಹೋದಾಗ ಅಳಗುಳಿಮಣೆಯ ಒಂದು ಆಟ ಅವಳ ಜೊತೆಗೇ ಹೋಯಿತು. ಮನೆಯಲ್ಲಿ ಈಗ ಯಾರಿಗೂ ಅದು ಬರಲ್ಲ.

ಹಾಗಾಗಿ ಈ ರಜೆಗೆ ನನ್ನ ಸಲಹೆ ಇಷ್ಟೇ. ಮಕ್ಕಳನ್ನ ಕ್ಯಾಂಪಿಗೆ ಕಳಿಸಿ, ಬೇಡ ಅನ್ನಲ್ಲ. ಜೊತೆಗೆ ಒಂದು ಸೀಮೆಸುಣ್ಣ ತಗೊಂಡು ಫ್ಲಾಟಿನ ನೆಲದ ಮೇಲೆ 25 ಮನೆ ಬರೆಯಿರಿ. ವಿಟ್ರಿಫೈಡ್ ಟೈಲ್ಸ್ ಮೇಲೆ ಗೀಟು ನಿಲ್ಲದಿದ್ದರೆ ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು. ಸಾರಿಗೆ ನೆನೆಹಾಕುವಾಗ ಸಿಕ್ಕ ನಾಲ್ಕು ಹುಣಸೆಬೀಜ ಒಣಗಿಸಿ ಉಜ್ಜಿಕೊಳ್ಳಿ. ಊರಿಂದ ಅಮ್ಮನೋ ಅತ್ತೆಯೋ ಬಂದಿದ್ದರೆ ಯೂಟ್ಯೂಬ್ ನೋಡದೆ ನಿಯಮ ಅವರನ್ನೇ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಹಾಗೇ ಇನ್ನೂ ಎರಡು ಮಾತು ಕೇಳಿ: ನೀವು ಯಾರ ಜೊತೆ ಆಡ್ತಿದ್ರಿ? ಯಾರನ್ನ ಸೇರಿಸ್ತಿರಲಿಲ್ಲ? ಉತ್ತರ ಕೇಳುವಾಗ ಮಕ್ಕಳೂ ಪಕ್ಕದಲ್ಲಿ ಇರಲಿ. ಕೆಲಸಕ್ಕೆ ಬರುವವರ ಮಗು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಿದ್ದರೆ ಅದಕ್ಕೂ ನಾಲ್ಕು ಕಾಯಿ ಕೊಟ್ಟು ಕೂರಿಸಿಕೊಳ್ಳಿ. ಚೌಕಾಬಾರ ನಾಲ್ಕು ಜನರ ಆಟ. ನಾಲ್ಕು ಗಂಟೆಗೆ ಬಿಸಿಲು ಇಳಿದ ಮೇಲೆ ಆಟ ಅರ್ಧಕ್ಕೆ ಬಿಟ್ಟಾದರೂ ಸರಿ, ಎಲ್ಲರೂ ಹೊರಗೆ ಹೋಗಿ. ಹೆಣ್ಣುಮಕ್ಕಳೂ.